ಬಿಟ್ಟ ಉಸಿರು ಎಲ್ಲಿಗೆ ಹೋಗಬೇಕು?

2023ರ ಡಿಸೆಂಬರ್‌ನಲ್ಲಿ ಗೋವಾದಲ್ಲಿ ಮನೋಹರ ಪರ್ರಿಕರ್ ಹೆಸರಿನ ವಿಜ್ಞಾನ ಮಹೋತ್ಸವ ನಡೆಯಿತು. ಚಂದ್ರಯಾನ-3 ಇಳಿದು ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ದೇಶ ಅದೇ ಹಿಗ್ಗಿನಲ್ಲಿತ್ತು. ಅಂಥ ಹೊತ್ತಿನಲ್ಲಿ ಇಸ್ರೊದ ಆಗಿನ ಅಧ್ಯಕ್ಷ ಎಸ್. ಸೋಮನಾಥ್ ಅಲ್ಲಿ ಒಂದು ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಭಾರತೀಯರನ್ನು ನಮ್ಮದೇ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಕಳಿಸುವ ‘ಗಗನಯಾನ’ ಯೋಜನೆಯ ಯಾತ್ರಿಗಳು ಕೂರುವ ಕೋಣೆಯ ಗಾಳಿ, ತೇವ, ಬಿಸಿಯನ್ನು ಹದದಲ್ಲಿಡುವ ವ್ಯವಸ್ಥೆಯ ಅನುಭವ ನಮಗಿಲ್ಲ, ನಾವು ರಾಕೆಟ್ಟು, ಉಪಗ್ರಹ ಮಾಡಿದವರು. ಈ ವಿದ್ಯೆ ಹೊರದೇಶದಿಂದ ಬರುತ್ತದೆ ಎಂದು ನಂಬಿದ್ದೆವು. ಎಷ್ಟು ಮಾತುಕತೆ ನಡೆದರೂ ಯಾರೂ ಕೊಡಲು ಒಪ್ಪಲಿಲ್ಲ, ಇನ್ನು ನಾವೇ ಮಾಡಿಕೊಳ್ಳಬೇಕು. ಅವರ ಮಾತಿನ ಸಾರ ಇಷ್ಟು.

ಚಂದ್ರನ ದಕ್ಷಿಣಕ್ಕೆ ನೌಕೆ ಇಳಿಸಿದವರಿಗೆ ಮೂರು ಜನ ಕೂರುವ ಕೋಣೆಯ ಗಾಳಿ ಅಷ್ಟು ಕಷ್ಟವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಕಷ್ಟವೇ. ಆ ವ್ಯವಸ್ಥೆಯಲ್ಲಿ ಹತ್ತಾರು ಭಾಗಗಳಿವೆ. ಅದರಲ್ಲಿ ಒಂದರ ಬೆನ್ನು ಹತ್ತಿದರೂ ಸಾಕು, ಅರುವತ್ತು ವರ್ಷಗಳ ಒಂದು ವಿಚಿತ್ರ ಚರಿತ್ರೆ ಬಿಚ್ಚಿಕೊಳ್ಳುತ್ತದೆ. ಯಾತ್ರಿಗಳು ಹೊರಬಿಟ್ಟ ಉಸಿರಿನಿಂದ ಇಂಗಾಲದ ಡೈಆಕ್ಸೈಡನ್ನು ತೆಗೆದುಹಾಕುವ ಭಾಗ ಅದು.

ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಮುಗಿದು ಜನ ಸಾಯುತ್ತಾರೆ ಎಂಬುದು ನಮ್ಮೆಲ್ಲರ ಸಾಮಾನ್ಯ ಕಲ್ಪನೆ. ಆಮ್ಲಜನಕ ಮುಗಿಯುವುದಕ್ಕೆ ಬಹಳ ಮೊದಲೇ ಬಂದು ಕಾಡುವುದು ಬಿಟ್ಟ ಉಸಿರು. ಉಳವಿ, ಚಂದ್ರಗುತ್ತಿ, ಆನವಟ್ಟಿ ಕಡೆ ಹಳೆ ಬಾವಿಯ ಹೂಳೆತ್ತಲು ಇಳಿಯುವವರಿಗೆ ಇದನ್ನು ಪಾಠ ಮಾಡಿ ಹೇಳಬೇಕಿಲ್ಲ. ವರ್ಷಗಟ್ಟಲೆ ಬಳಸದೆ ಬಿಟ್ಟ ಬಾವಿಯಾದರೆ ತಿಳಿದವರು ಮೊದಲು ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸುತ್ತಾರೆ. ದೀಪ ನಂದಿತೋ, ಅವತ್ತು ಯಾರೂ ಇಳಿಯುವಂತಿಲ್ಲ. ಎಲೆ, ಕಸ ಕೊಳೆತು ಹುಟ್ಟಿದ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಾಲು ತೂಕದ್ದು. ಅದು ತಳದಲ್ಲಿ ಕೆರೆಯ ಹಾಗೆ ನಿಂತಿರುತ್ತದೆ. ಈ ಎಚ್ಚರ ತಪ್ಪಿದ ಕಡೆಗಳಲ್ಲಿ ಮೊದಲು ಇಳಿದವನನ್ನು ಎತ್ತಲು ಹೋದ ಎರಡನೆಯವನೂ ಅಲ್ಲೇ ಉಳಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಈಗಲೂ ಓದುತ್ತೇವೆ.

ಬಾಹ್ಯಾಕಾಶದಲ್ಲಿ ಈ ಲಾಟೀನಿನ ಬುದ್ಧಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಯಾವುದಕ್ಕೂ ತೂಕವಿಲ್ಲ. ಭಾರದ ಅನಿಲ ಕೆಳಗಿಳಿಯುವುದಿಲ್ಲ, ಬೆಚ್ಚನೆಯ ಉಸಿರು ಮೇಲೇಳುವುದಿಲ್ಲ. ಕೆಳಗೆ, ಮೇಲೆ ಎಂಬುದೇ ಇಲ್ಲ. ಫ್ಯಾನು ನಿಂತರೆ ಮಲಗಿದವನ ಉಸಿರು ಅವನ ಮುಖದ ಸುತ್ತಲೇ ಗುಳ್ಳೆಯಾಗಿ ನಿಲ್ಲುತ್ತದೆ. ಅವನು ಅದನ್ನೇ ಮತ್ತೆ ಎಳೆದುಕೊಳ್ಳುತ್ತಾನೆ. ಕೋಣೆಯ ಉಳಿದ ಕಡೆ ಒಳ್ಳೆಯ ಗಾಳಿ ಇದ್ದೂ ಅದು ಅವನ ಮೂಗಿಗೆ ತಲುಪುವುದಿಲ್ಲ.

ಬಿಟ್ಟ ಉಸಿರಿನ ಕೇಡಿಗೆ ಕಾರಣ ಯಾವುದು ಎಂಬುದೇ ಒಂದು ಕಾಲದಲ್ಲಿ ದೊಡ್ಡ ತಕರಾರಾಗಿತ್ತು. ಮನುಷ್ಯನ ಉಸಿರಿನಲ್ಲಿ ಯಾವುದೋ ಕಾಣದ ಸಾವಯವ ವಿಷವಿದೆ, ಜನ ಕಿಕ್ಕಿರಿದ ಕೋಣೆಯಲ್ಲಿ ತಲೆ ಸುತ್ತುವುದು ಅದರಿಂದ ಎಂದು 19ನೆಯ ಶತಮಾನದ ಅನೇಕ ವೈದ್ಯರು ನಂಬಿದ್ದರು. ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದ ಆರಂಭದಲ್ಲಿ ಜೊತೆಗಾರ ಲೊರೇನ್ ಸ್ಮಿತ್‌ ಅವರೊಂದಿಗೆ ಗಾಳಿಯಾಡದ ಪೆಟ್ಟಿಗೆಯೊಳಗೆ ಮನುಷ್ಯರನ್ನು ಕೂರಿಸಿ, ಏದುಸಿರು ಶುರುವಾಗುವುದು ಯಾವಾಗ ಎಂದು ಅಳೆದರು. ಆ ವಿಷದ ಸುಳಿವೇ ಸಿಗಲಿಲ್ಲ. ಇಂಗಾಲದ ಡೈಆಕ್ಸೈಡ್ ಶೇ 3-4ಕ್ಕೆ ಏರಿದಾಗ ಏದುಸಿರು ಬಂತು. 1905ರಲ್ಲಿ ಅದೇ ಹಾಲ್ಡೇನ್, ಪ್ರೀಸ್ಟ್ಲಿ ಎಂಬವರ ಜೊತೆ ಸೇರಿ, ನಮ್ಮ ಉಸಿರಾಟದ ಲಗಾಮು ಇರುವುದು ಮುಖ್ಯವಾಗಿ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡಿನ ಕೈಯಲ್ಲಿ ಎಂದು ತೋರಿಸಿದರು. ಉಸಿರು ಕಟ್ಟಿ ಹಿಡಿದಾಗ ಎದೆಯೊಳಗೆ ಒದ್ದಾಡುವುದು ಬಹುಮಟ್ಟಿಗೆ ಈ ಅನಿಲದ ಹೆಚ್ಚಳದಿಂದಲೇ ಹೊರತು ಆಮ್ಲಜನಕದ ಕೊರತೆಯಿಂದಲ್ಲ.

ಈ ಅನಿಲವನ್ನು ಹಿಡಿದು ಕಟ್ಟಿಹಾಕುವ ವಸ್ತು ನಮ್ಮ ಕವಳದ ತಟ್ಟೆಯಲ್ಲೇ ಇದೆ. ಸುಣ್ಣದ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಮೇಲೆ ಗಟ್ಟಿ ಪದರ ಕೂರುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಸುಣ್ಣ ಹೀರಿಕೊಂಡು ಮರಳಿ ಕಲ್ಲಾಗುವ ಬಗೆ ಅದು. 1750ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಈ ಅನಿಲವನ್ನು ಗುರುತಿಸಿದ್ದೂ ಸುಣ್ಣದ ತಿಳಿನೀರು ಹಾಲಾಗುವುದನ್ನು ನೋಡಿಯೇ. ಗಣಿಯೊಳಗೆ ಇಳಿಯುವವರ, ನೀರಿನಾಳಕ್ಕೆ ಹೋಗುವವರ ಉಸಿರಿನ ಚೀಲಗಳಲ್ಲಿ ಸುಣ್ಣದ ಬಳಗದ ಪುಡಿಗಳೇ ಬಹುಕಾಲ ದುಡಿದವು. ಆಕಾಶಕ್ಕೆ ಹೋಗುವಾಗ ಮಾತ್ರ ಸುಣ್ಣ ಭಾರವಾಯಿತು. 44 ಕಿಲೋ ಇಂಗಾಲದ ಡೈಆಕ್ಸೈಡ್ ಹಿಡಿಯಲು ಅರಳಿಸಿದ ಸುಣ್ಣ 74 ಕಿಲೋ ಬೇಕು. ಅದೇ ಕೆಲಸಕ್ಕೆ ಲಿಥಿಯಂ ಹೈಡ್ರಾಕ್ಸೈಡ್ 48 ಕಿಲೋ ಸಾಕು. ಲೋಹಗಳಲ್ಲೆಲ್ಲ ಹಗುರವಾದದ್ದು ಲಿಥಿಯಂ. ಅಮೆರಿಕದ ಮರ್ಕ್ಯುರಿ ನೌಕೆಗಳಿಂದ ಹಿಡಿದು ಷಟಲ್‌ಗಳವರೆಗೆ ಈ ಬಿಳಿ ಹರಳುಪುಡಿ ತುಂಬಿದ ಡಬ್ಬಿಗಳೇ ಯಾತ್ರಿಗಳ ಜೀವ ಕಾದವು.

ಸೋವಿಯತ್ತಿನವರ ಹಾದಿ ಬೇರೆ. 1961ರ ಏಪ್ರಿಲ್ 12ರಂದು ಗಗಾರಿನ್ ಹೋದ ವಸ್ತೋಕ್ ನೌಕೆಯಲ್ಲಿ ಪೊಟ್ಯಾಸಿಯಂ ಸೂಪರ್‌ಆಕ್ಸೈಡ್ ಇತ್ತು. ಅದು ಉಸಿರಿನ ತೇವ ತಾಗಿದೊಡನೆ ಆಮ್ಲಜನಕ ಬಿಡುತ್ತದೆ. ಉಳಿಯುವ ಕ್ಷಾರ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ. ಕೊಡುವುದೂ ತೆಗೆದುಕೊಳ್ಳುವುದೂ ಒಂದೇ ಡಬ್ಬಿಯಲ್ಲಿ. ಕೇಳಲು ಸೊಗಸು. ಆದರೆ ಕೊಡುವ ಲೆಕ್ಕವೂ ತೆಗೆದುಕೊಳ್ಳುವ ಲೆಕ್ಕವೂ ಯಾವಾಗಲೂ ಸರಿಹೊಂದಬೇಕಲ್ಲ.

ಅಮೆರಿಕದ ಲಿಥಿಯಂ ಡಬ್ಬಿಗಳ ವಿಷಯ ಲೋಕಕ್ಕೆ ಗೊತ್ತಾದದ್ದು 1970ರ ಏಪ್ರಿಲ್‌ನಲ್ಲಿ. ಚಂದ್ರನತ್ತ ಹೊರಟ ಅಪೊಲೊ 13ರಲ್ಲಿ 13ರ ರಾತ್ರಿ ಆಮ್ಲಜನಕದ ತೊಟ್ಟಿಯೊಂದು ಸಿಡಿಯಿತು. ಜಿಮ್ ಲೊವೆಲ್, ಜ್ಯಾಕ್ ಸ್ವೈಗರ್ಟ್, ಫ್ರೆಡ್ ಹೇಯ್ಸ್ ಮೂವರೂ ಮುಖ್ಯ ನೌಕೆ ‘ಒಡಿಸ್ಸಿ’ಯ ವಿದ್ಯುತ್ತು ಆರಿಸಿ, ಚಂದ್ರನ ಮೇಲೆ ಇಳಿಯಬೇಕಿದ್ದ ‘ಅಕ್ವೇರಿಯಸ್’ ಎಂಬ ಪುಟ್ಟ ನೌಕೆಗೆ ದಾಟಿದರು. ಇಬ್ಬರು ಎರಡು ದಿನ ಇರಲೆಂದು ಕಟ್ಟಿದ ನೌಕೆಯಲ್ಲಿ ಮೂವರು ನಾಲ್ಕು ದಿನ ಇರಬೇಕಾಯಿತು. ಆಮ್ಲಜನಕಕ್ಕೆ ಅಲ್ಲಿ ಅಂಥ ತತ್ವಾರ ಇರಲಿಲ್ಲ. ತತ್ವಾರ ಇದ್ದದ್ದು ಲಿಥಿಯಂ ಡಬ್ಬಿಗಳಿಗೆ.

ಪಕ್ಕದ ಒಡಿಸ್ಸಿಯಲ್ಲಿ ಡಬ್ಬಿಗಳು ಬೇಕಾದಷ್ಟಿದ್ದವು. ಅವು ಚೌಕಾಕಾರದವು. ಅಕ್ವೇರಿಯಸ್‌ನ ಗೂಡು ದುಂಡಗಿನದು. ಒಂದನ್ನು ಕಟ್ಟಿದ್ದು ನಾರ್ತ್ ಅಮೆರಿಕನ್ ರಾಕ್‌ವೆಲ್, ಇನ್ನೊಂದನ್ನು ಕಟ್ಟಿದ್ದು ಗ್ರಮ್ಮನ್. ಎರಡೂ ಒಂದೇ ಯಾತ್ರೆಗೆ ಹೋಗುವ ನೌಕೆಗಳು, ಎರಡರೊಳಗೂ ಒಂದೇ ಪುಡಿ. ಆದರೂ ಒಂದರ ಡಬ್ಬಿ ಇನ್ನೊಂದಕ್ಕೆ ಕೂರಬೇಕಾದ ದಿನ ಬಂದೀತೆಂದು ಯಾರ ತಲೆಗೂ ಹೊಳೆದಿರಲಿಲ್ಲ. ಸರ್ಕಾರಿ ಕಾಮಗಾರಿಗಳಲ್ಲಿ ಒಬ್ಬ ಗುತ್ತಿಗೆದಾರ ಹಾಕಿದ ಪೈಪಿಗೆ ಇನ್ನೊಬ್ಬ ಗುತ್ತಿಗೆದಾರನ ನಲ್ಲಿ ಕೂರದೆ ಇರುವುದನ್ನು ಕಂಡ ನಮಗೆ ಇದು ತೀರ ಅಚ್ಚರಿಯೇನಲ್ಲ.

ಹ್ಯೂಸ್ಟನ್ನಿನಲ್ಲಿ ಯಾತ್ರಿಗಳ ಉಸಿರು-ಉಡುಪಿನ ವಿಭಾಗದ ಮುಖ್ಯಸ್ಥ ಎಡ್ ಸ್ಮೈಲಿ ಆ ರಾತ್ರಿ ಮನೆಯಲ್ಲಿ ಟಿ.ವಿ. ನೋಡುತ್ತಿದ್ದರು. ಸುದ್ದಿ ಕೇಳಿದವರೇ ಕೆಲಸದ ಜಾಗಕ್ಕೆ ಓಡಿದರು. ಅವರ ತಂಡ ಮೊದಲು ಮಾಡಿದ್ದು ನೌಕೆಯೊಳಗೆ ಏನೇನು ಸಾಮಾನಿದೆ ಎಂಬ ಪಟ್ಟಿ. ಪ್ಲಾಸ್ಟಿಕ್ ಚೀಲ, ಕಡತದ ರಟ್ಟಿನ ಹೊದಿಕೆ, ಉಡುಪಿಗೆ ಗಾಳಿ ತರುವ ಕೊಳವೆ, ಅಗಲದ ಅಂಟುಪಟ್ಟಿ. ಮೇಲಿರುವವರ ಕೈಗೆ ಸಿಗದ ಒಂದೇ ಒಂದು ವಸ್ತುವನ್ನೂ ಬಳಸುವಂತಿರಲಿಲ್ಲ. ಚೌಕದ ಡಬ್ಬಿಯ ಒಂದು ಮುಖಕ್ಕೆ ಚೀಲ ಸುತ್ತಿ, ಗಾಳಿಯ ಎಳೆತಕ್ಕೆ ಚೀಲ ಒಳಗೆ ಕುಸಿದು ಅಂಟಿಕೊಳ್ಳದಂತೆ ರಟ್ಟನ್ನು ಕಮಾನಿನಂತೆ ಬಗ್ಗಿಸಿ ಇಟ್ಟು, ಕೊಳವೆ ತೂರಿಸಿ, ಸಂದುಗಳಿಗೆಲ್ಲ ಪಟ್ಟಿ ಸುತ್ತಿದರು. ಪರೀಕ್ಷೆಯ ಕೋಣೆಯಲ್ಲಿ ಅದು ಕೆಲಸ ಮಾಡಿತು. ಭೂಮಿಯಿಂದ ಜೋ ಕರ್ವಿನ್ ಒಂದೊಂದೇ ಹೆಜ್ಜೆಯನ್ನು ರೇಡಿಯೊದಲ್ಲಿ ಓದಿ ಹೇಳಿದರು. ಮೇಲೆ ಅದನ್ನು ಕೇಳಿಸಿಕೊಂಡು ಕಟ್ಟಿದರು. ಇಂಗಾಲದ ಡೈಆಕ್ಸೈಡಿನ ಒತ್ತಡ ಅಷ್ಟು ಹೊತ್ತಿಗೆ ಪಾದರಸದ ಅಳತೆಯಲ್ಲಿ 15 ಮಿಲಿಮೀಟರಿನ ಅಪಾಯದ ಗೆರೆಗೆ ಹತ್ತಿರ ಬಂದಿತ್ತು. ಕೊಳವೆಯಲ್ಲಿ ಗಾಳಿ ಹರಿಯತೊಡಗಿದ ಮೇಲೆ ಮುಳ್ಳು ಸರಸರನೆ ಇಳಿದು ಒಂದು ಮಿಲಿಮೀಟರಿಗೂ ಕೆಳಗೆ ಬಂತು. 17ರಂದು ಮೂವರೂ ಶಾಂತ ಸಾಗರದಲ್ಲಿ ಇಳಿದರು.

1995ರ ‘ಅಪೊಲೊ 13’ ಸಿನಿಮಾ ಈ ಘಟನೆಯನ್ನು ಒಂದೇ ಬಿಸಿ ದೃಶ್ಯವಾಗಿ ತೋರಿಸಿತು. ಸ್ಮೈಲಿ ಮಾತ್ರ ತಮ್ಮ ಕೆಲಸವನ್ನು ಎಂದೂ ಹಿಗ್ಗಿಸಿ ಹೇಳಿಕೊಳ್ಳಲಿಲ್ಲ. ಅದು ಎಂಜಿನಿಯರಿಂಗ್‌ನ ಸರಳ ಲೆಕ್ಕ ಎಂಬ ಧಾಟಿಯಲ್ಲೇ ಮಾತಾಡಿದರು. ಅವರು 2025ರ ಏಪ್ರಿಲ್‌ನಲ್ಲಿ, ಲೊವೆಲ್ ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು.

ಡಬ್ಬಿಯ ಪುಡಿ ಒಮ್ಮೆ ಕಲ್ಲಾದರೆ ಮುಗಿಯಿತು, ಎಸೆಯಬೇಕು. ಮನುಷ್ಯನೊಬ್ಬ ದಿನಕ್ಕೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಅದಕ್ಕಿಂತ ತುಸು ಹೆಚ್ಚೇ ಪುಡಿ ಬೇಕು. ವಾರದ ಯಾತ್ರೆಗೆ ಸರಿ, ತಿಂಗಳುಗಟ್ಟಲೆ ಇರುವವರಿಗೆ ಈ ಲೆಕ್ಕ ಆಗಿಬರುವುದಿಲ್ಲ. 1973ರಲ್ಲಿ ಅಮೆರಿಕ ಸ್ಕೈಲ್ಯಾಬ್ ಹಾರಿಸಿದಾಗ ಜಿಯೊಲೈಟ್ ಬಂತು. ಜಿಯೊಲೈಟ್ ಎಂದರೆ ಒಳಗೆಲ್ಲ ಅಣುಗಾತ್ರದ ಗೂಡುಗಳಿರುವ ಹರಳು. ಪುಣೆ, ನಾಸಿಕ್ ಕಡೆಯ ಕರಿಕಲ್ಲಿನ ಪೊಟರೆಗಳಲ್ಲಿ ಇದರ ನೈಸರ್ಗಿಕ ಹರಳುಗಳು ಸಿಗುತ್ತವೆ, ಲೋಕದ ವಸ್ತುಸಂಗ್ರಹಾಲಯಗಳೆಲ್ಲ ಅವನ್ನು ಕೊಂಡಿಟ್ಟುಕೊಂಡಿವೆ. ನೌಕೆಗೆ ಹೋಗುವುದು ಕಾರ್ಖಾನೆಯಲ್ಲಿ ತಯಾರಿಸಿದ್ದು. ಗಾಳಿಯನ್ನು ಅದರ ಮೂಲಕ ಹಾಯಿಸಿದರೆ ಇಂಗಾಲದ ಡೈಆಕ್ಸೈಡ್ ಗೂಡುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಹೊರಗಿನ ಶೂನ್ಯಕ್ಕೆ ಬಾಗಿಲು ತೆರೆದರೆ ಅನಿಲ ಬಿಟ್ಟುಕೊಂಡು ಹೊರಟುಹೋಗುತ್ತದೆ, ಹರಳು ಮತ್ತೆ ದುಡಿಯಲು ಸಿದ್ಧ. ಸ್ಕೈಲ್ಯಾಬ್‌ನ ಕೊನೆಯ ತಂಡ 84 ದಿನ ಇದ್ದು ಬಂದದ್ದು ಈ ಬಲದ ಮೇಲೆ.

ಬೆಂಗಳೂರು ಈ ಕತೆಯೊಳಗೆ ಬರುವುದು ಬೇರೊಂದು ಬಾಗಿಲಿನಿಂದ. ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ, ಎಚ್‌ಎಎಲ್‌ ನೆರೆಯಲ್ಲಿ, ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ 1957ರಿಂದ ಇದೆ. ಸೋವಿಯತ್ ಒಕ್ಕೂಟದ ಆಹ್ವಾನದ ಮೇಲೆ ಒಬ್ಬ ಭಾರತೀಯನನ್ನು ಕಳಿಸುವುದೆಂದಾಗ, 1982ರಲ್ಲಿ ಪೈಲಟ್‌ಗಳ ದೇಹ-ಮನಸ್ಸುಗಳ ಪರೀಕ್ಷೆ ನಡೆದದ್ದು ಇಲ್ಲಿ. ಮುಚ್ಚಿದ ಜಾಗದ ಭಯ ಒಳಗೆಲ್ಲಾದರೂ ಅಡಗಿದೆಯೇ ಎಂದು ನೋಡಲು ಬೆಂಗಳೂರಿನಲ್ಲಿ ತಮ್ಮನ್ನು 72 ಗಂಟೆ ಒಂದು ಕೋಣೆಯಲ್ಲಿ ಕೂಡಿಹಾಕಿದ್ದನ್ನು ರಾಕೇಶ್ ಶರ್ಮಾ ಮುಂದೆ ನೆನೆಸಿಕೊಂಡಿದ್ದಾರೆ. 1984ರ ಏಪ್ರಿಲ್ 3ರಂದು ಅವರು ಸೋಯುಜ್ ಟಿ-11ರಲ್ಲಿ ಹೊರಟು ಸಲ್ಯೂತ್-7 ನಿಲ್ದಾಣ ಸೇರಿದರು. ಅವರ ಜೊತೆ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದಲ್ಲಿ ತಯಾರಾದ ಸಜ್ಜಿಗೆ ಹಲ್ವಾ, ಪಲಾವುಗಳೂ ಹೋದವು. ಊಟ ನಮ್ಮದು, ಉಸಿರಿನ ಯಂತ್ರವೆಲ್ಲ ಅವರದು. ಎಂಟು ದಿನಕ್ಕೆ ತುಸು ಕಡಿಮೆಯಾದ ಆ ಯಾತ್ರೆಯಿಂದ ದೇಶ ಒಂದು ಹೆಮ್ಮೆ ಪಡೆಯಿತು. ಗಾಳಿ ಶುದ್ಧ ಮಾಡುವ ವಿದ್ಯೆ ಅದರ ಹಿಂದೆ ಬರಲಿಲ್ಲ. ಬರಬೇಕೆಂದು ನಾವು ಕೇಳಿಯೂ ಇರಲಿಲ್ಲ ಎಂದೇ ನನಗನ್ನಿಸುತ್ತದೆ. ಅತಿಥಿಯಾಗಿ ಹೋದವರು ಅಡುಗೆಮನೆಗೆ ನುಗ್ಗುವುದಿಲ್ಲ.

ಶರ್ಮಾ ಇದ್ದು ಬಂದ ಅದೇ ನಿಲ್ದಾಣ ಮರುವರ್ಷ ಸತ್ತು ಬಿತ್ತು. 1985ರ ಫೆಬ್ರುವರಿಯಲ್ಲಿ ಸಲ್ಯೂತ್-7ರ ಸಂಪರ್ಕ ಕಡಿಯಿತು. ವಿದ್ಯುತ್ತಿಲ್ಲ, ಒಳಗೆಲ್ಲ ಹಿಮ. ಜೂನ್ 8ರಂದು ವ್ಲಾದಿಮಿರ್ ಜಾನಿಬೆಕೋವ್, ವಿಕ್ತೋರ್ ಸವಿನಿಖ್ ಅದಕ್ಕೆ ಕೈಯಾರೆ ನೌಕೆ ಜೋಡಿಸಿ ಒಳಹೊಕ್ಕರು. ಚಳಿಗಿಂತ ಗಹನವಾದ ತೊಡಕು ಅಲ್ಲಿ ಕಾದಿತ್ತು. ಫ್ಯಾನುಗಳು ತಿರುಗುತ್ತಿರಲಿಲ್ಲ, ಆದ್ದರಿಂದ ಗಾಳಿ ಅಲುಗುತ್ತಿರಲಿಲ್ಲ. ಒಂದೆಡೆ ನಿಂತು ಕೆಲಸ ಮಾಡಿದರೆ ತಮ್ಮದೇ ಉಸಿರು ಮುಖದ ಸುತ್ತ ಕವಿದು ತಲೆ ಸಿಡಿಯುತ್ತಿತ್ತು, ಮೈ ಜಡವಾಗುತ್ತಿತ್ತು. ಕೆಲಸ ಬಿಟ್ಟು ತಮ್ಮ ಸೋಯುಜ್‌ಗೆ ಹಿಂದಿರುಗಿ ಚೇತರಿಸಿಕೊಂಡು ಬರಬೇಕಿತ್ತು. ಬ್ಯಾಟರಿಗಳಿಗೆ ಮತ್ತೆ ಜೀವ ಬಂದು ಫ್ಯಾನು ತಿರುಗಿದ ಮೇಲೆಯೇ ಅದು ಮನುಷ್ಯರು ಇರಬಹುದಾದ ಜಾಗವಾಯಿತು. ಪುಡಿ ಎಷ್ಟೇ ಒಳ್ಳೆಯದಿರಲಿ, ಗಾಳಿ ಅದರ ಹತ್ತಿರ ಹೋಗದಿದ್ದರೆ ಅದು ಪುಡಿಯಷ್ಟೇ.

ಅಮೆರಿಕನ್ನರು ಈ ಪಾಠವನ್ನು 1999ರಲ್ಲಿ ತಾವೇ ಮತ್ತೊಮ್ಮೆ ಕಲಿತರು. ಆ ಮೇ ತಿಂಗಳ ಕೊನೆಗೆ ಡಿಸ್ಕವರಿ ಷಟಲ್, ಕಟ್ಟುವ ಹಂತದಲ್ಲಿದ್ದ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಸಾಮಾನು ಒಯ್ಯಿತು. ‘ಜರ್ಯಾ’ ಘಟಕದ ಫಲಕಗಳ ಹಿಂದೆ ತಲೆತೂರಿಸಿ ಕೆಲಸ ಮಾಡಿದ ಯಾತ್ರಿಗಳಿಗೆ ತಲೆನೋವು, ಕಣ್ಣುರಿ, ಹೊಟ್ಟೆ ತೊಳೆಸುವಿಕೆ ಶುರುವಾಯಿತು. ಗಾಳಿಯಾಡದ ಮೂಲೆಗಳಲ್ಲಿ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡದ್ದೇ ಕಾರಣವಿರಬೇಕೆಂದು ಮುಖ್ಯ ಶಂಕೆ ಬಂತು.

2001ರಲ್ಲಿ ಆ ನಿಲ್ದಾಣದ ಅಮೆರಿಕನ್ ಪ್ರಯೋಗಾಲಯದೊಳಗೆ ಜಿಯೊಲೈಟಿನ ದೊಡ್ಡ ಯಂತ್ರ ಕೂತಿತು. ರಷ್ಯನ್ನರ ಪಾಲಿನಲ್ಲಿ ‘ವೊಜ್ದುಖ್’ ಎಂಬ ಅವರದೇ ಯಂತ್ರವಿತ್ತು. ಅಮೆರಿಕನ್ ಯಂತ್ರದಲ್ಲಿ ನಾಲ್ಕು ಪೆಟ್ಟಿಗೆ. ಎರಡು ಗಾಳಿಯ ತೇವ ತೆಗೆಯುವವು, ಎರಡು ಇಂಗಾಲದ ಡೈಆಕ್ಸೈಡ್ ಹಿಡಿಯುವವು. ತೇವವನ್ನು ಮೊದಲೇ ತೆಗೆಯದಿದ್ದರೆ ಜಿಯೊಲೈಟಿನ ಗೂಡುಗಳಲ್ಲೆಲ್ಲ ನೀರೇ ಹೋಗಿ ಕೂರುತ್ತದೆ. ಅದಕ್ಕೆ ನೀರಿನ ಮೇಲೆ ಅಷ್ಟು ಆಸೆ. ಒಂದು ಜೋಡಿ ದುಡಿಯುವಾಗ ಇನ್ನೊಂದು ಜೋಡಿಯ ಹರಳು 200 ಡಿಗ್ರಿಯಷ್ಟು ಕಾದು, ಹಿಡಿದದ್ದನ್ನು ಬಿಡುತ್ತದೆ. ಕಾಯುವುದು, ತಣಿಯುವುದು, ಮತ್ತೆ ಕಾಯುವುದು. ವರ್ಷಗಟ್ಟಲೆ ಹೀಗಾದಾಗ ಹರಳಿನ ಉಂಡೆಗಳು ಸವೆದು ಧೂಳಾದವು. ತೂಕವಿಲ್ಲದ ಧೂಳು ಕೆಳಗೆ ಕೂರದೆ ತೇಲುತ್ತ ಹೋಗಿ ಕವಾಟಗಳಲ್ಲಿ ಸಿಕ್ಕಿಕೊಂಡಿತು. ಕವಾಟ ಕಚ್ಚಿಕೊಂಡರೆ ಯಂತ್ರ ನಿಂತಿತು. 2015-16ರಲ್ಲಿ ಸುಮಾರು ಒಂದು ವರ್ಷ ಅಲ್ಲಿದ್ದ ಸ್ಕಾಟ್ ಕೆಲಿ ತಮ್ಮ ಆತ್ಮಕಥೆಯಲ್ಲಿ ಈ ಯಂತ್ರದ ರಿಪೇರಿಯ ಗೋಳನ್ನು ವಿವರವಾಗಿ ಬರೆದಿದ್ದಾರೆ. ಮಟ್ಟ ಏರಿದ್ದು ಮೀಟರ್ ನೋಡದೆಯೂ ತಲೆಭಾರದಿಂದಲೇ ತಮಗೆ ಗೊತ್ತಾಗುತ್ತಿತ್ತು ಎಂಬುದು ಅವರ ಅನುಭವ.

ಇಂಗಾಲದ ಡೈಆಕ್ಸೈಡ್ ಎಷ್ಟು ಇದ್ದರೆ ಸುರಕ್ಷಿತ ಎಂಬ ಜಗಳ ನಿಲ್ದಾಣದ ಈ ವರ್ಷಗಳಲ್ಲೇ ಬಲವಾಯಿತು. ಹೊರಗಿನ ನಮ್ಮ ಗಾಳಿಯಲ್ಲಿ ಇದರ ಒತ್ತಡ ಸುಮಾರು 0.3 ಮಿಲಿಮೀಟರ್. ನಿಲ್ದಾಣಕ್ಕೆ ಮೊದಲು ಇಟ್ಟ ಮಿತಿ ಐದಕ್ಕೂ ಮೇಲೆ. ಜಲಾಂತರ್ಗಾಮಿಗಳಲ್ಲಿ ಜನ ಇಂಥದೇ ಗಾಳಿಯಲ್ಲಿ ತಿಂಗಳುಗಟ್ಟಲೆ ಇರುತ್ತಾರಲ್ಲ ಎಂಬುದು ಆ ಮಿತಿಯ ಪರವಾದ ವಾದ. ಯಾತ್ರಿಗಳ ತಲೆನೋವಿನ ದೂರುಗಳನ್ನೂ ಆ ದಿನಗಳ ಅಳತೆಗಳನ್ನೂ ಎದುರುಬದುರು ಇಟ್ಟು ನೋಡಿದ ನಾಸಾ ವೈದ್ಯರ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ತಲೆನೋವಿನ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ ಇರಬೇಕಾದರೆ ವಾರದ ಸರಾಸರಿಯನ್ನು 2.5 ಮಿಲಿಮೀಟರಿನ ಒಳಗೆ ಇಡಬೇಕು ಎಂದು ಅದು ಹೇಳಿತು. ಭೂಮಿಯಲ್ಲಿ ತಡೆದುಕೊಳ್ಳುವಷ್ಟನ್ನು ಮೇಲೆ ಯಾಕೆ ತಡೆಯಲಾಗುವುದಿಲ್ಲ? ತೂಕವಿಲ್ಲದಾಗ ರಕ್ತ, ದ್ರವಗಳು ತಲೆಯ ಕಡೆಗೇರುವುದರಿಂದ ಎಂದು ಕೆಲವರು. ಮೀಟರ್ ಇರುವ ಜಾಗದ ಗಾಳಿಗೂ ಮೂಗಿನ ಮುಂದಿನ ಗಾಳಿಗೂ ವ್ಯತ್ಯಾಸವಿರುವುದರಿಂದ ಎಂದು ಕೆಲವರು. ಎರಡೂ ಇರಬಹುದು. ಚರ್ಚೆ ಮುಗಿದಿಲ್ಲ, ಆದರೆ ಮಿತಿಯಂತೂ ಇಳಿಯಿತು.

ಇಷ್ಟೆಲ್ಲ ನಡೆಯುವಾಗ ಇಸ್ರೊ ಉಪಗ್ರಹಗಳಲ್ಲಿ ಮುಳುಗಿತ್ತು. 2006ರ ನವೆಂಬರ್ 7ರಂದು ಬೆಂಗಳೂರಿನಲ್ಲಿ ಸುಮಾರು 80 ವಿಜ್ಞಾನಿಗಳು ಕೂತು, ಮನುಷ್ಯರನ್ನು ಕಳಿಸುವ ಕಾಲ ನಮಗೂ ಬಂದಿದೆ ಎಂದು ಒಪ್ಪಿದರು. 2014ರ ಡಿಸೆಂಬರ್ 18ರಂದು ಯಾತ್ರಿಗಳಿಲ್ಲದ ಕೋಶವೊಂದು ಮೇಲೆ ಹೋಗಿ ಬಂಗಾಳ ಕೊಲ್ಲಿಯಲ್ಲಿ ಇಳಿಯಿತು. 2018ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯಿಂದ, 2022ರೊಳಗೆ ಭಾರತೀಯರು ನಮ್ಮದೇ ನೌಕೆಯಲ್ಲಿ ಹೋಗುತ್ತಾರೆ ಎಂದು ಸಾರಿದರು. 2019ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಮಾನವ ಅಂತರಿಕ್ಷಯಾನ ಕೇಂದ್ರ ತೆರೆಯಿತು. ನಾಲ್ವರು ಪೈಲಟ್‌ಗಳ ಆಯ್ಕೆಯ ಪರೀಕ್ಷೆ ಮತ್ತದೇ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ, ತರಬೇತಿಯ ಮೊದಲ ಭಾಗ ಮಾಸ್ಕೋ ಬಳಿ. ತರಬೇತಿ ಸಿಕ್ಕಿತು. ಗಾಳಿಯ ಯಂತ್ರದ ವಿದ್ಯೆ ಸಿಗಲಿಲ್ಲ, 2022 ಕಳೆದುಹೋಯಿತು.

ಯಾಕೆ ಕೊಡಲಿಲ್ಲ? ಹಣದ ಮಾತು, ರಫ್ತಿನ ಕಟ್ಟಳೆ, ರಾಜಕೀಯ ಎಂದು ಊಹಿಸುವವರಿದ್ದಾರೆ. ನನಗೆ ಕಾಣುವುದು ಇನ್ನೊಂದು. ಈ ಯಂತ್ರದ ನಕ್ಷೆಯಲ್ಲಿ ರಹಸ್ಯವೇನೂ ಇಲ್ಲ. ಸುಣ್ಣ, ಲಿಥಿಯಂ, ಜಿಯೊಲೈಟುಗಳ ರಸಾಯನ ಕಾಲೇಜಿನ ಪುಸ್ತಕದಲ್ಲೇ ಇದೆ. ಯಾವ ಕವಾಟ ಯಾವಾಗ ಕಚ್ಚುತ್ತದೆ, ಧೂಳು ಎಲ್ಲಿ ನಿಲ್ಲುತ್ತದೆ, ಮಲಗಿದವನ ಮೂಗಿನ ಮುಂದೆ ಗಾಳಿ ಎಷ್ಟು ವೇಗದಲ್ಲಿ ಹರಿಯಬೇಕು ಎಂಬುದು ಮಾತ್ರ ದುಡ್ಡು, ತಲೆನೋವು, ಹತ್ತಾರು ವರ್ಷ ತೆತ್ತು ಕಂಡುಕೊಂಡದ್ದು. ಅದನ್ನು ಯಾವ ದೇಶವೂ ಸಲೀಸಾಗಿ ಕೈಬಿಡುವುದಿಲ್ಲ. ಕೊಟ್ಟರೂ ಕಾಗದದ ಮೇಲೆ ಪೂರ್ತಿ ಇಳಿಯುವಂಥದ್ದಲ್ಲ.

ಹಾಗೆಂದು ಬೆಂಗಳೂರಿನ ಕೈ ಪೂರ್ತಿ ಬರಿದಾಗಿರಲಿಲ್ಲ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಡೆಬೆಲ್ ಎಂಬ ಪ್ರಯೋಗಾಲಯ ಇಲ್ಲಿದೆ. ಜೈವಿಕ ಎಂಜಿನಿಯರಿಂಗ್, ವೈದ್ಯಕೀಯ ಉಪಕರಣಗಳು ಅದರ ಕಸುಬು. ತೇಜಸ್ ಯುದ್ಧವಿಮಾನದ ಪೈಲಟ್‌ಗೆ ಹಾರುತ್ತಲೇ ಆಮ್ಲಜನಕ ತಯಾರಿಸಿಕೊಡುವ ಯಂತ್ರವನ್ನು ಅದು ರೂಪಿಸಿತ್ತು. ಆ ಯಂತ್ರದ ಹೊಟ್ಟೆಯಲ್ಲಿರುವುದೂ ಜಿಯೊಲೈಟೇ. ಅಲ್ಲಿ ಅದು ಹಿಡಿಯುವುದು ಸಾರಜನಕವನ್ನು. ಉಳಿದದ್ದು ಬಹುಪಾಲು ಆಮ್ಲಜನಕ. 2021ರ ಬೇಸಗೆಯಲ್ಲಿ ಕೋವಿಡ್‌ನ ಎರಡನೆಯ ಅಲೆ ಬಂದು ಆಸ್ಪತ್ರೆಗಳ ಮುಂದೆ ಸಿಲಿಂಡರಿಗೆ ಪಾಳಿ ನಿಂತ ದಿನಗಳಲ್ಲಿ ಇದೇ ವಿದ್ಯೆಯನ್ನು ದೊಡ್ಡದು ಮಾಡಿ, ನಿಮಿಷಕ್ಕೆ 1,000 ಲೀಟರ್ ಆಮ್ಲಜನಕ ಕೊಡುವ ಘಟಕಗಳಿಗಾಗಿ ಕಂಪನಿಗಳಿಗೆ ಹಸ್ತಾಂತರಿಸಿದರು. ಯುದ್ಧವಿಮಾನಕ್ಕೆಂದು ಹುಟ್ಟಿದ್ದು ಆಸ್ಪತ್ರೆಯ ಹಿತ್ತಲಿಗೆ ಬಂತು. ಸಾರಜನಕ ಹಿಡಿಯಲು ಬಂದವರಿಗೆ ಇಂಗಾಲದ ಡೈಆಕ್ಸೈಡ್ ಹಿಡಿಯುವುದು ತಾನಾಗಿಯೇ ಬಂದಂತಾಗುವುದಿಲ್ಲ, ನಿಜ. ಆದರೆ ಹರಳಿನ ಜೊತೆ ಪಳಗಿದ ಕೈಗಳು ಊರಲ್ಲೇ ಇವೆ.

ಗಗನಯಾನದ ಲೆಕ್ಕ ಚಿಕ್ಕದು. 400 ಕಿಲೋಮೀಟರ್ ಎತ್ತರ, ಮೂವರು, ಮೂರು ದಿನ; ಹೊರಬೀಳುವ ಇಂಗಾಲದ ಡೈಆಕ್ಸೈಡ್ 9 ಕಿಲೋ ಸುಮಾರು. ಲಿಥಿಯಂ ಹೈಡ್ರಾಕ್ಸೈಡಿನ ಲೆಕ್ಕ ಹಾಕಿದರೆ ಪುಸ್ತಕದ ಪ್ರಕಾರ 10 ಕಿಲೋ, ಅನಿರೀಕ್ಷಿತಕ್ಕೆಂದು ಇನ್ನಷ್ಟು. ಇಂಥ ಸಣ್ಣ ಯಾತ್ರೆಗೆ ಮರುಬಳಕೆಯ ಯಂತ್ರದ ಹಂಗಿಲ್ಲ. ಪುಡಿಗಿಂತ ಕಷ್ಟ ಅದನ್ನು ನಂಬುವ ಮಟ್ಟಕ್ಕೆ ಪರೀಕ್ಷಿಸುವುದು. ಯಾತ್ರಿಗಳಿಲ್ಲದೆ ಹೋಗುವ ನೌಕೆಯಲ್ಲಿ ಕೂರಲು ‘ವ್ಯೋಮಮಿತ್ರ’ ಎಂಬ ಯಂತ್ರಮಾನವಿಯನ್ನು 2020ರ ಜನವರಿಯಲ್ಲಿ ಬೆಂಗಳೂರಿನಲ್ಲೇ ತೋರಿಸಿದರು. ಆಕೆ ಗುಂಡಿ ಒತ್ತಬಲ್ಲಳು, ಮಾತಾಡಬಲ್ಲಳು. ಉಸಿರು ಬಿಡಲಾರಳು! ಗಾಳಿಯ ವ್ಯವಸ್ಥೆಗೆ ನಿಜವಾದ ಪರೀಕ್ಷಕ ಉಸಿರಾಡುವ ಮನುಷ್ಯನೇ.

ಗಗನಯಾನಕ್ಕೆ ಆಯ್ಕೆಯಾದ ನಾಲ್ವರು ಪೈಲಟ್‌ಗಳಲ್ಲಿ ಒಬ್ಬರಾದ ಶುಭಾಂಶು ಶುಕ್ಲಾ 2025ರ ಜೂನ್ 25ರಂದು ಹೊರಟು ಮರುದಿನ ಅಂತರರಾಷ್ಟ್ರೀಯ ನಿಲ್ದಾಣ ಸೇರಿದರು. ಅವರ ತಂಡ ಸೇರಿ ಅಲ್ಲಿ 11 ಜನವಾದರು, ಅಂದರೆ ದಿನಕ್ಕೆ ಸುಮಾರು 11 ಕಿಲೋ ಇಂಗಾಲದ ಡೈಆಕ್ಸೈಡ್. ಜುಲೈ 15ರಂದು ಹಿಂದಿರುಗುವವರೆಗೆ ಅವರು ಮಾಡಿದ ಪ್ರಯೋಗಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರು ಕಳಿಸಿದ ಹೆಸರುಕಾಳು, ಮೆಂತ್ಯದ ಮೊಳಕೆಯೂ ಇತ್ತು. ಸೂಕ್ಷ್ಮ ಪಾಚಿಗಳೂ ಇದ್ದವು. ಪಾಚಿ ಬೆಳಕಿನಲ್ಲಿ ಇಂಗಾಲದ ಡೈಆಕ್ಸೈಡ್ ತಿಂದು ಆಮ್ಲಜನಕ ಕೊಡುತ್ತದೆ. ಹಸಿರನ್ನೇ ಗಾಳಿಯ ಯಂತ್ರವಾಗಿಸುವ ಈ ಆಸೆ ಸೋವಿಯತ್ತಿನವರಿಗೆ 1960ರ ದಶಕದಲ್ಲೇ ಹುಟ್ಟಿತ್ತು. ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್‌ನಲ್ಲಿ ಪಾಚಿ, ಗಿಡಗಳ ಜೊತೆ ಜನರನ್ನು ತಿಂಗಳುಗಟ್ಟಲೆ ಮುಚ್ಚಿಟ್ಟು ನೋಡಿದ್ದರು. ಅದು ಸಾಧ್ಯವೇನೋ ಹೌದು, ಆದರೆ ಪಾಚಿಗೆ ಬೇಕಾದ ಬೆಳಕು, ಜಾಗ, ಆರೈಕೆಯ ಲೆಕ್ಕ ಹಾಕಿದರೆ ಇಂದಿಗೂ ಹರಳಿನ ಪೆಟ್ಟಿಗೆಯೇ ಗೆಲ್ಲುತ್ತದೆ.

2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಗಗನಯಾನದ ವ್ಯಾಪ್ತಿಯನ್ನು ಹಿಗ್ಗಿಸಿ, ಒಟ್ಟು ವೆಚ್ಚವನ್ನು 20,193 ಕೋಟಿ ರೂಪಾಯಿಗೆ ಏರಿಸಿತು. ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಘಟಕ 2028ಕ್ಕೆ, ಇಡೀ ನಿಲ್ದಾಣ 2035ಕ್ಕೆ ಎಂಬುದು ಗುರಿ. ಮೂರು ದಿನದ ಯಾತ್ರೆ ಡಬ್ಬಿಯಲ್ಲಿ ಮುಗಿಯುತ್ತದೆ. ನಿಲ್ದಾಣದಲ್ಲಿ ಮೂವರು ಆರು ತಿಂಗಳು ಇದ್ದರೆ ಲಿಥಿಯಂ ಹೈಡ್ರಾಕ್ಸೈಡ್ ಒಂದೇ 580 ಕಿಲೋಗೂ ಮೇಲೆ ಬೇಕು. ಅಷ್ಟನ್ನು ಹೊತ್ತು ಹೋಗುವವರು ಯಾರೂ ಇಲ್ಲ. ಬಿಟ್ಟ ಉಸಿರನ್ನು ಹಿಡಿದು, ಹೊರಹಾಕಿ, ಮತ್ತೆ ಹಿಡಿಯುವ ಯಂತ್ರ ಅಷ್ಟರೊಳಗೆ ನಮ್ಮಲ್ಲೇ ಆಗಬೇಕು. ಇಲ್ಲವಾದರೆ 2035ರ ನಿಲ್ದಾಣ ಅತಿಥಿಗಳು ಮೂರು ದಿನ ಉಳಿದು ಬರುವ ಛತ್ರವಾಗುತ್ತದೆ.